ತಾಪಮಾಪಕದ ಮುಳ್ಳು: ಅದರ ದೋಷಪರೀಕ್ಷೆ ಮತ್ತು ದುರಸ್ತಿ

ಜ್ವರ ಬಂದ ಮಗುವಿಗೆ ಮದ್ದು ಕೊಡುವ ಮೊದಲು ವೈದ್ಯನು ಉಷ್ಣಮಾಪಕವನ್ನು ನೋಡುತ್ತಾನೆ. ಆ ಮಾಪಕವೇ ಕೆಟ್ಟಿದ್ದರೆ ಎರಡು ಬಗೆಯ ಅನರ್ಥಗಳು ಸಂಭವಿಸುತ್ತವೆ. ಜ್ವರವಿಲ್ಲದ ಮಗುವಿಗೆ ಮದ್ದು ಕುಡಿಸುವುದು ಒಂದು. ಜ್ವರದಿಂದ ಬೇಯುತ್ತಿರುವ ಮಗುವನ್ನು ಆಟಕ್ಕೆ ಕಳುಹಿಸುವುದು ಇನ್ನೊಂದು. ಮೊದಲನೆಯದರಿಂದ ಹಣ ಹಾಳು. ಎರಡನೆಯದರಿಂದ ಪ್ರಾಣಕ್ಕೇ ಸಂಚಕಾರ. ಮೋಟಾರು ಗಾಡಿಯ ಎಂಜಿನ್ನಿಗೂ ಈ ಮಾತು ಅನ್ವಯಿಸುತ್ತದೆ. ಚಾಲಕನ ಮುಂದಿನ ಫಲಕದಲ್ಲಿ ತಣ್ಣಗೆ ಎಂಬ ಗುರುತಿಗೂ ಬಿಸಿ ಎಂಬ ಗುರುತಿಗೂ ನಡುವೆ ಅಲುಗುವ ಚಿಕ್ಕ ಮುಳ್ಳೇ ಎಂಜಿನ್ನಿನ ಜ್ವರವನ್ನು ಹೇಳುವ ಸಾಧನ. ಅದು ಹೇಳುವುದನ್ನು ಯಾವಾಗ ನಂಬಬೇಕು, ಯಾವಾಗ ಸಂಶಯಿಸಬೇಕು, ಸಂಶಯ ಬಂದಾಗ ಯಾವ ಕ್ರಮದಲ್ಲಿ ಪರೀಕ್ಷಿಸಬೇಕು, ದೋಷ ಕಂಡರೆ ಹೇಗೆ ಸರಿಪಡಿಸಬೇಕು ಎಂಬುದನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಈ ಪಾಠಕ್ಕೆ ಬೆಂಗಳೂರಿನ ದಕ್ಷಿಣ ಭಾಗದ ಬಿಟಿಎಂ ಲೇಔಟ್ ತಕ್ಕ ಸ್ಥಳ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಹೆಸರಿನ ಇಂಗ್ಲಿಷ್ ಮೊದಲಕ್ಷರಗಳನ್ನು ಕೂಡಿಸಿ ಈ ಬಡಾವಣೆಗೆ ಹೆಸರಿಟ್ಟರು. ಒಂದು ಕಡೆ ಬನ್ನೇರುಘಟ್ಟ ರಸ್ತೆ, ಇನ್ನೊಂದು ಕಡೆ ಹೊಸೂರು ರಸ್ತೆ. ಎರಡನ್ನೂ ಕೂಡಿಸುವ ಹೊರವರ್ತುಲ ರಸ್ತೆ ಬಡಾವಣೆಯ ನಡುವೆಯೇ ಹಾದುಹೋಗುತ್ತದೆ. ಕೇಂದ್ರ ರೇಷ್ಮೆ ಮಂಡಳಿಯ ಕಚೇರಿಯಿಂದಾಗಿ ಸಿಲ್ಕ್ ಬೋರ್ಡ್ ಎಂದು ಕರೆಸಿಕೊಳ್ಳುವ ಕೂಡುರಸ್ತೆಯ ದಟ್ಟಣೆ ನಾಡಿಗೆಲ್ಲ ತಿಳಿದದ್ದು. ೨೦೨೪ರ ಜುಲೈ ತಿಂಗಳಲ್ಲಿ ರಾಗಿಗುಡ್ಡದಿಂದ ಸಿಲ್ಕ್ ಬೋರ್ಡಿನವರೆಗಿನ ಎರಡಂತಸ್ತಿನ ಮೇಲ್ಸೇತುವೆಯ ರಸ್ತೆ ಸಂಚಾರಕ್ಕೆ ತೆರೆಯಿತು. ೨೦೨೫ರ ಆಗಸ್ಟ್ ತಿಂಗಳಲ್ಲಿ ಅದರ ಮೇಲಂತಸ್ತಿನಲ್ಲಿ ಮೆಟ್ರೊ ರೈಲಿನ ಹಳದಿ ಮಾರ್ಗ ಆರಂಭವಾಯಿತು. ಆದರೂ ಸಂಜೆಯ ಹೊತ್ತು ಈ ದಾರಿಯಲ್ಲಿ ಗಾಡಿಗಳು ನಿಂತು ನಿಂತು ತೆವಳುವುದು ತಪ್ಪಿಲ್ಲ.

ನಿಂತ ಗಾಡಿಗೂ ಎಂಜಿನ್ನಿನ ಬಿಸಿಗೂ ಏನು ಸಂಬಂಧವೆಂದರೆ, ಓಡುವ ಗಾಡಿಯ ರೇಡಿಯೇಟರಿಗೆ ಎದುರುಗಾಳಿಯ ನೆರವಿರುತ್ತದೆ. ನಿಂತ ಗಾಡಿಗೆ ಆ ನೆರವಿಲ್ಲ. ಫ್ಯಾನ್ ಒಂದೇ ಗತಿ. ಆದ್ದರಿಂದ ತಂಪುಗೊಳಿಸುವ ವ್ಯವಸ್ಥೆಯಲ್ಲಿ ಅಡಗಿರುವ ಕೊರತೆ ಹೆದ್ದಾರಿಯಲ್ಲಿ ಕಾಣದಿದ್ದರೂ ಇಂಥ ದಾರಿಯಲ್ಲಿ ಹೊರಬೀಳುತ್ತದೆ. ಮುಳ್ಳು ಮೇಲೇರಿತೆಂದು ಗಾಬರಿಯಾಗುವವರೂ, ಮುಳ್ಳು ಕೆಟ್ಟಿದೆಯೆಂದು ಅಲಕ್ಷಿಸುವವರೂ ಹೆಚ್ಚಾಗಿ ಕಾಣಸಿಗುವುದು ಇಲ್ಲಿಯೇ.

ಬಿಸಿಯ ಲೆಕ್ಕ

ಎಂಜಿನ್ನಿನೊಳಗೆ ಉರಿಯುವ ಇಂಧನದ ಶಕ್ತಿಯಲ್ಲಿ ಚಕ್ರವನ್ನು ತಿರುಗಿಸುವುದು ಒಂದು ಭಾಗ ಮಾತ್ರ. ಹೊಗೆಯೊಡನೆ ಒಂದು ಭಾಗ ಹೊರಹೋಗುತ್ತದೆ. ಸರಿಸುಮಾರು ಮೂರರಲ್ಲೊಂದು ಭಾಗ ಎಂಜಿನ್ನಿನ ಲೋಹಕ್ಕೆ ಸೇರಿ, ಅಲ್ಲಿಂದ ಸುತ್ತ ಹರಿಯುವ ಕೂಲಂಟ್ ಎಂಬ ದ್ರವಕ್ಕೆ ಇಳಿಯುತ್ತದೆ. ವಾಟರ್ ಪಂಪು ಈ ದ್ರವವನ್ನು ರೇಡಿಯೇಟರಿಗೆ ಒಯ್ಯುತ್ತದೆ. ಅಲ್ಲಿ ಆರಿದ ದ್ರವ ಮತ್ತೆ ಎಂಜಿನ್ನಿಗೆ ಮರಳುತ್ತದೆ. ಎಂಜಿನ್ ತಣ್ಣಗಿರುವಾಗ ಈ ದಾರಿಯನ್ನು ಮುಚ್ಚಿಟ್ಟು, ಸುಮಾರು ೮೨ರಿಂದ ೮೮ ಡಿಗ್ರಿ ಸೆಲ್ಸಿಯಸ್ ತಲುಪಿದಾಗ ತೆರೆಯುವ ಮೇಣದ ಕವಾಟವೇ ಥರ್ಮೋಸ್ಟಾಟ್. ಆರೋಗ್ಯವಂತ ಎಂಜಿನ್ನಿನ ಕೂಲಂಟ್ ೮೫ರಿಂದ ೧೦೦ ಡಿಗ್ರಿಯ ಆಸುಪಾಸಿನಲ್ಲಿರುತ್ತದೆ.

ಇಲ್ಲಿ ಬೆಂಗಳೂರಿಗೆ ವಿಶೇಷವಾದ ಒಂದು ಅಂಶವುಂಟು. ನಗರವು ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರ್ ಎತ್ತರದಲ್ಲಿದೆ. ಎತ್ತರ ಹೆಚ್ಚಿದಂತೆ ವಾಯುಭಾರ ಇಳಿಯುತ್ತದೆ. ವಾಯುಭಾರ ಇಳಿದಂತೆ ನೀರು ಕುದಿಯುವ ಉಷ್ಣತೆಯೂ ಇಳಿಯುತ್ತದೆ. ಮಂಗಳೂರಿನಲ್ಲಿ ೧೦೦ ಡಿಗ್ರಿಗೆ ಕುದಿಯುವ ನೀರು ಬೆಂಗಳೂರಿನಲ್ಲಿ ೯೭ ಡಿಗ್ರಿಯ ಹೊತ್ತಿಗೇ ಕುದಿಯುತ್ತದೆ. ಬಾಯಿ ತೆರೆದ ಪಾತ್ರೆಯಂತೆ ರೇಡಿಯೇಟರ್ ಇದ್ದಿದ್ದರೆ ಎಂಜಿನ್ನಿನ ನೀರು ದಿನವೂ ಉಕ್ಕುತ್ತಿತ್ತು. ಹಾಗಾಗದಂತೆ ತಡೆಯುವುದು ರೇಡಿಯೇಟರಿನ ಮುಚ್ಚಳ. ಅದರ ಸ್ಪ್ರಿಂಗು ಒಳಗಿನ ಒತ್ತಡವನ್ನು ಸುಮಾರು ೦.೯ ಬಾರ್ ಹೆಚ್ಚಾಗಿ ಇಟ್ಟುಕೊಳ್ಳುವುದರಿಂದ, ಬೆಂಗಳೂರಿನಲ್ಲಿ ಬರಿಯ ನೀರೂ ೧೧೭ ಡಿಗ್ರಿಯವರೆಗೆ ಕುದಿಯದೆ ನಿಲ್ಲುತ್ತದೆ. ಗ್ಲೈಕಾಲ್ ಬೆರೆತ ಕೂಲಂಟ್ ಇನ್ನೂ ಕೆಲವು ಡಿಗ್ರಿ ತಾಳುತ್ತದೆ. ಪ್ರೆಷರ್ ಕುಕ್ಕರಿನ ತತ್ತ್ವವೇ ಇಲ್ಲಿಯೂ ಇದೆ. ಕುಕ್ಕರಿನ ಮುಚ್ಚಳವನ್ನು ಒತ್ತಡ ಇಳಿಯುವ ಮೊದಲು ತೆಗೆಯುವ ಗೃಹಿಣಿಯಿಲ್ಲ. ಆದರೆ ಬಿಸಿ ರೇಡಿಯೇಟರಿನ ಮುಚ್ಚಳ ತಿರುಗಿಸಿ, ಚಿಮ್ಮಿದ ಕುದಿನೀರಿನಿಂದ ಮುಖ, ತೋಳು ಸುಟ್ಟುಕೊಳ್ಳುವವರು ಇಂದಿಗೂ ಇದ್ದಾರೆ. ಎಂಜಿನ್ ಮುಟ್ಟುವಷ್ಟು ತಣ್ಣಗಾಗುವ ತನಕ ಆ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಕೂಡದು.

ಬಿಸಿ ಮಿತಿಮೀರಿದರೆ ಏನಾಗುತ್ತದೆ? ಹಲವು ಎಂಜಿನ್ನುಗಳ ಮೇಲಿನ ಭಾಗವಾದ ಸಿಲಿಂಡರ್ ಹೆಡ್ ಅಲ್ಯೂಮಿನಿಯಮ್ಮಿನದು, ಕೆಳಗಿನ ಬ್ಲಾಕು ಎರಕದ ಕಬ್ಬಿಣದ್ದು. ಬಿಸಿಯಾದಾಗ ಅಲ್ಯೂಮಿನಿಯಮ್ಮು ಕಬ್ಬಿಣದ ಎರಡರಷ್ಟು ಹಿಗ್ಗುತ್ತದೆ. ಹೆಡ್ ಸೊಟ್ಟಗಾಗಿ, ನಡುವಿನ ಗ್ಯಾಸ್ಕೆಟ್ ಸುಟ್ಟು, ಕೂಲಂಟ್ ಎಣ್ಣೆಯೊಡನೆ ಬೆರೆಯುತ್ತದೆ. ಇನ್ನೂ ಓಡಿಸಿದರೆ ಪಿಸ್ಟನ್ ಕಚ್ಚಿಕೊಂಡು ಎಂಜಿನ್ ಸೀಜಾಗುತ್ತದೆ. ಚಿಕ್ಕ ಸೆನ್ಸರಿನ ಬೆಲೆಗೂ ಎಂಜಿನ್ನನ್ನು ಬಿಚ್ಚಿ ಕಟ್ಟುವ ಖರ್ಚಿಗೂ ಅಜಗಜಾಂತರ. ಮುಳ್ಳಿನ ಮಾತಿಗೆ ಬೆಲೆ ಬರುವುದು ಈ ಕಾರಣದಿಂದ.

ಮಾಪಕದ ರಚನೆ

ಹಳೆಯ ಕಾಲದ ಮಾಪಕಗಳಲ್ಲಿ ವಿದ್ಯುತ್ತಿನ ಪಾತ್ರವಿರಲಿಲ್ಲ. ಎಂಜಿನ್ನಿನೊಳಗೆ ಇಳಿಬಿಟ್ಟ ಲೋಹದ ಬುರುಡೆಯಲ್ಲಿ ಈಥರ್‌ನಂಥ ಬೇಗ ಆವಿಯಾಗುವ ದ್ರವವಿರುತ್ತಿತ್ತು. ಬಿಸಿಗೆ ಅದರ ಆವಿಯ ಒತ್ತಡ ಏರಿ, ಕೂದಲೆಳೆಯಂಥ ತಾಮ್ರದ ಕೊಳವೆಯ ಮೂಲಕ ಫಲಕದವರೆಗೆ ಬಂದು, ಬಾಗಿದ ಚಪ್ಪಟೆ ನಳಿಗೆಯೊಂದನ್ನು ಬಿಚ್ಚಿಕೊಳ್ಳುವಂತೆ ಮಾಡಿ, ಮುಳ್ಳನ್ನು ತಿರುಗಿಸುತ್ತಿತ್ತು. ಆ ನಳಿಗೆ ಫ್ರಾನ್ಸಿನ ಯೂಜಿನ್ ಬೂರ್ದೋನ್ ೧೮೪೯ರಲ್ಲಿ ರೂಪಿಸಿದ್ದು. ಕೊಳವೆ ಒಮ್ಮೆ ಮುರಿದು ಆವಿ ಸೋರಿಹೋದರೆ ಸಾಮಾನ್ಯ ಗ್ಯಾರೇಜಿನಲ್ಲಿ ಅದನ್ನು ಸರಿಪಡಿಸುವುದು ಕಷ್ಟ. ಇಡಿಯ ಮಾಪಕವನ್ನೇ ಬದಲಾಯಿಸಬೇಕಾಗುತ್ತಿತ್ತು.

ಅನಂತರ ಬಂದುದು ವಿದ್ಯುತ್ ಮಾಪಕ. ಬಿಸಿಯಾದಂತೆ ಕೆಲವು ವಸ್ತುಗಳ ವಿದ್ಯುತ್ ರೋಧ ಹೆಚ್ಚದೆ ತಗ್ಗುತ್ತದೆಂಬುದನ್ನು ಮೈಕೆಲ್ ಫ್ಯಾರಡೆ ೧೮೩೩ರಲ್ಲಿ ಬೆಳ್ಳಿಯ ಸಲ್ಫೈಡಿನಲ್ಲಿ ಕಂಡನು. ಸುಮಾರು ನೂರು ವರ್ಷಗಳ ತರುವಾಯ, ೧೯೩೦ರಲ್ಲಿ, ಅಮೆರಿಕದ ಸ್ಯಾಮ್ಯುಯೆಲ್ ರೂಬೆನ್ ಈ ಗುಣವನ್ನು ಬಳಸುವ ಥರ್ಮಿಸ್ಟರನ್ನು ವ್ಯವಹಾರಯೋಗ್ಯವಾಗಿ ಮಾಡಿದನು. ಇಂದಿನ ಸೆನ್ಸರಿನ ಹಿತ್ತಾಳೆಯ ಮೊಗ್ಗಿನೊಳಗೆ ಅಡಗಿರುವುದು ಇಂಥ ಒಂದು ಚಿಕ್ಕ ಬಿಲ್ಲೆ. ಕೂಲಂಟ್ ತಣ್ಣಗಿದ್ದಾಗ ಅದರ ರೋಧ ಹೆಚ್ಚು, ಹರಿಯುವ ವಿದ್ಯುತ್ತು ಕಡಿಮೆ, ಮುಳ್ಳು ಕೆಳಗೆ. ಕೂಲಂಟ್ ಬಿಸಿಯಾದಂತೆ ರೋಧ ತಗ್ಗಿ, ವಿದ್ಯುತ್ತು ಹೆಚ್ಚಿ, ಮುಳ್ಳು ಮೇಲೇರುತ್ತದೆ.

ಹೀಗೆ ಎಂಜಿನ್ನಿನ ಸಮಾಚಾರ ಚಾಲಕನ ಕಣ್ಣಿಗೆ ತಲುಪುವಷ್ಟರಲ್ಲಿ ನಾಲ್ಕು ಕೈ ದಾಟಿ ಬರುತ್ತದೆ: ಸೆನ್ಸರನ್ನು ಮುಟ್ಟುವ ಕೂಲಂಟ್, ಸೆನ್ಸರ್, ತಂತಿ ಮತ್ತು ಅದರ ಜೋಡಣೆ, ಕೊನೆಗೆ ಫಲಕದ ಮಾಪಕ. ಹಳೆಯ ಗಾಡಿಗಳಲ್ಲಿ ಬ್ಯಾಟರಿಯ ಏರಿಳಿತ ಮುಳ್ಳಿಗೆ ತಟ್ಟದಂತೆ ಮಾಡುವ ಚಿಕ್ಕ ವೋಲ್ಟೇಜ್ ಸ್ಟೆಬಿಲೈಸರ್ ಐದನೆಯದು. ಹೊಸ ಗಾಡಿಗಳಲ್ಲಿ ಆ ಸ್ಥಾನದಲ್ಲಿ ಎಂಜಿನ್ನಿನ ಕಂಪ್ಯೂಟರ್ ಕುಳಿತಿದೆ. ಇವುಗಳಲ್ಲಿ ಯಾವುದೊಂದು ತಪ್ಪಿದರೂ ಮುಳ್ಳು ಸುಳ್ಳು ಹೇಳುತ್ತದೆ. ದೋಷಪರೀಕ್ಷೆಯೆಂದರೆ ಈ ಸರಪಣಿಯ ಕೊಂಡಿಗಳನ್ನು ಒಂದೊಂದಾಗಿ ವಿಚಾರಿಸುವುದು.

ಮೊದಲ ಪ್ರಶ್ನೆ

ಮುಳ್ಳು ಬಿಸಿಯ ಗುರುತಿಗೆ ಏರಿದಾಗ ಕೇಳಬೇಕಾದ ಮೊದಲ ಪ್ರಶ್ನೆ ಮಾಪಕ ಕೆಟ್ಟಿದೆಯೇ ಎಂಬುದಲ್ಲ. ಎಂಜಿನ್ ನಿಜವಾಗಿ ಬಿಸಿಯಾಗಿದೆಯೇ ಎಂಬುದು. ಮಾಪಕವೇ ಕೆಟ್ಟದ್ದೆಂದು ಸಿದ್ಧವಾಗುವ ತನಕ ಎಂಜಿನ್ ಬಿಸಿಯಾಗಿದೆಯೆಂದೇ ಭಾವಿಸಿ ನಡೆಯಬೇಕು. ಈ ಒಂದು ನಿಯಮವನ್ನು ಪಾಲಿಸಿದರೆ ಉಳಿದ ತಪ್ಪುಗಳೆಲ್ಲ ಅಗ್ಗದವಾಗುತ್ತವೆ; ಇದನ್ನು ಮೀರಿದರೆ ಒಂದೇ ತಪ್ಪು ಎಂಜಿನ್ನನ್ನೇ ಬಲಿ ತೆಗೆದುಕೊಳ್ಳುತ್ತದೆ.

ದಾರಿಯಲ್ಲಿ ಹೀಗಾದರೆ ಏರ್‌ಕಂಡಿಷನರನ್ನು ಆರಿಸಿ, ಗಾಡಿಯನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿ, ಎಂಜಿನ್ ಆರಿಸಬೇಕು. ಗಾಡಿಯನ್ನು ಬದಿಗೆ ತರಲು ಕ್ಷಣ ತಡವಾಗುವಂತಿದ್ದರೆ ಹೀಟರನ್ನು ಪೂರ್ತಿ ತೆರೆದಿಡುವುದರಿಂದ ಕೊಂಚ ಬಿಸಿ ಹೊರಹೋಗುತ್ತದೆ. ಬಾನೆಟ್ಟಿನ ಸಂದಿಯಿಂದ ಹಬೆ ಬರುತ್ತಿದ್ದರೆ, ಕಮಟು ಸಿಹಿವಾಸನೆ ಹರಡಿದ್ದರೆ, ಗಾಡಿಯಡಿಯಲ್ಲಿ ಹಸಿರೋ ಕೆಂಪೋ ಬಣ್ಣದ ದ್ರವ ಸುರಿದಿದ್ದರೆ, ಹೀಟರಿನ ಗಾಳಿ ಇದ್ದಕ್ಕಿದ್ದಂತೆ ತಣ್ಣಗಾಗಿದ್ದರೆ, ಮುಳ್ಳಿನ ಮಾತು ಸತ್ಯ. ಅಲ್ಲಿಂದ ಮುಂದೆ ಗಾಡಿಯನ್ನು ಎಳೆಸಿಕೊಂಡೇ ಹೋಗಬೇಕು.

ಮುಳ್ಳು ಕೆಳಗಿದ್ದರೆ ಭಯವಿಲ್ಲವೆಂದು ತಿಳಿಯುವುದು ಇದಕ್ಕಿಂತ ದೊಡ್ಡ ತಪ್ಪು. ಕೂಲಂಟ್ ಸೋರಿ ಮಟ್ಟ ಇಳಿದಾಗ ಸೆನ್ಸರಿನ ತುದಿ ದ್ರವದಿಂದ ಹೊರಬಿದ್ದು ಗಾಳಿಯಲ್ಲೋ ಹಬೆಯಲ್ಲೋ ನಿಲ್ಲುತ್ತದೆ. ದ್ರವದಷ್ಟು ಚೆನ್ನಾಗಿ ಗಾಳಿ ಬಿಸಿಯನ್ನು ಮುಟ್ಟಿಸಲಾರದು. ಆಗ ಲೋಹ ಸುಡುತ್ತಿದ್ದರೂ ಮುಳ್ಳು ತಣ್ಣಗೆ ಎನ್ನುತ್ತದೆ. ಏರಿದ ಮುಳ್ಳು ಎಲ್ಲರನ್ನೂ ಎಚ್ಚರಿಸುತ್ತದೆ; ಕಾರಣವಿಲ್ಲದೆ ಇಳಿದ ಮುಳ್ಳು ಯಾರನ್ನೂ ಎಚ್ಚರಿಸದಿರುವುದೇ ಅದರ ಅಪಾಯ.

ಮುಳ್ಳಿನ ನಡೆಯಿಂದ ದೋಷದ ಊಹೆ

ಮುಳ್ಳು ಹೇಗೆ ನಡೆದುಕೊಳ್ಳುತ್ತದೆಂಬುದನ್ನು ಎರಡು ಮೂರು ದಿನ ಗಮನಿಸಿದರೆ ಅರ್ಧ ಪರೀಕ್ಷೆ ಮುಗಿದಂತೆಯೇ. ಬೆಳಗ್ಗೆ ತಣ್ಣನೆಯ ಎಂಜಿನ್ನಿಗೆ ಕೀಲಿ ತಿರುಗಿಸಿದೊಡನೆ ಮುಳ್ಳು ತುದಿಗೆ ಹಾರಿದರೆ ಅದು ಬಿಸಿಯಲ್ಲ. ತಣ್ಣನೆಯ ಎಂಜಿನ್ ಕ್ಷಣದಲ್ಲಿ ಬಿಸಿಯಾಗಲಾರದು. ತಂತಿಯ ಹೊದಿಕೆ ಸವೆದು ಗಾಡಿಯ ಮೈಗೆ ತಾಗಿದೆ, ಇಲ್ಲವೆ ಸೆನ್ಸರ್ ಒಳಗೇ ಬೆಸೆದುಕೊಂಡಿದೆ. ಎಷ್ಟು ದೂರ ಓಡಿಸಿದರೂ ಮುಳ್ಳು ಏಳದಿದ್ದರೆ ತಂತಿ ಕಳಚಿರಬಹುದು, ಸೆನ್ಸರ್ ಸತ್ತಿರಬಹುದು, ಕೂಲಂಟ್ ಇಲ್ಲದಿರಬಹುದು. ಅಥವಾ ಥರ್ಮೋಸ್ಟಾಟ್ ತೆರೆದೇ ಉಳಿದು ಎಂಜಿನ್ ನಿಜವಾಗಿಯೇ ತಣ್ಣಗಿರಬಹುದು. ಖಾಲಿ ರಸ್ತೆಯಲ್ಲಿ ವೇಗ ಹೆಚ್ಚಿದಾಗ ಮುಳ್ಳು ಇಳಿದು, ದಟ್ಟಣೆಯಲ್ಲಿ ನಡುವಿಗೆ ಬಂದು ನಿಂತರೆ ಥರ್ಮೋಸ್ಟಾಟಿನ ಮೇಲೆಯೇ ಸಂಶಯ.

ಮುಳ್ಳು ಗುಂಡಿಗೊಮ್ಮೆ, ರೋಡ್‌ಹಂಪಿಗೊಮ್ಮೆ ಕುಣಿದರೆ ಜೋಡಣೆ ಸಡಿಲ. ದೀಪ ಹಚ್ಚಿದಾಗ, ಫ್ಯಾನ್ ತಿರುಗಿದಾಗ ಮುಳ್ಳು ಜಿಗಿದರೆ ಎಂಜಿನ್ನಿನ ಅರ್ತ್ ತಂತಿ ತುಕ್ಕು ಹಿಡಿದಿದೆ. ಪೆಟ್ರೋಲಿನ ಮುಳ್ಳೂ ತಾಪದ ಮುಳ್ಳೂ ಒಟ್ಟಿಗೆ ತಪ್ಪು ತೋರಿದರೆ ಎರಡಕ್ಕೂ ಸಾಮಾನ್ಯವಾದ ಸ್ಟೆಬಿಲೈಸರನ್ನೋ ಫಲಕದ ಅರ್ತನ್ನೋ ನೋಡಬೇಕು. ಎರಡು ಸೆನ್ಸರುಗಳು ಒಂದೇ ದಿನ ಸಾಯುವುದು ಅಪರೂಪ.

ಉದಾಹರಣೆಗೆ ಒಂದು ಗಾಡಿಯನ್ನು ಊಹಿಸಬಹುದು. ಬನಶಂಕರಿಯಿಂದ ಹೊರಟು ಹೊರವರ್ತುಲ ರಸ್ತೆಯಲ್ಲಿ ಸರಾಗವಾಗಿ ಬರುವಾಗ ಮುಳ್ಳು ನಡುವಿನಲ್ಲಿದೆ. ಬಿಟಿಎಂ ಬಡಾವಣೆ ದಾಟಿ ಸಿಲ್ಕ್ ಬೋರ್ಡಿನ ಸಾಲಿನಲ್ಲಿ ಹತ್ತು ನಿಮಿಷ ನಿಂತಾಗ ಮುಳ್ಳು ಮೆಲ್ಲಗೆ ಏರುತ್ತದೆ. ಹೊಸೂರು ರಸ್ತೆಗೆ ತಿರುಗಿ ವೇಗ ಸಿಕ್ಕಿದೊಡನೆ ಇಳಿಯುತ್ತದೆ. ಇದನ್ನು ಕಂಡು ಮುಳ್ಳು ತನ್ನಿಂದ ತಾನೇ ಇಳಿಯುತ್ತದೆ, ಆದ್ದರಿಂದ ಮಾಪಕದ ದೋಷ ಎಂದು ಹೇಳುವವರುಂಟು. ವಾಸ್ತವದಲ್ಲಿ ಮಾಪಕ ತನ್ನ ಕರ್ತವ್ಯವನ್ನು ಚೆನ್ನಾಗಿ ನಿರ್ವಹಿಸಿದೆ. ಎದುರುಗಾಳಿ ಇದ್ದಾಗ ತಂಪು, ಇಲ್ಲದಾಗ ಬಿಸಿ ಎಂದರೆ ಫ್ಯಾನ್ ತಿರುಗುತ್ತಿಲ್ಲ: ಅದರ ಫ್ಯೂಸು, ರಿಲೇ, ಮೋಟಾರು, ಅದನ್ನು ಚಾಲೂ ಮಾಡುವ ಸ್ವಿಚ್ಚು, ಇವುಗಳಲ್ಲೊಂದು ಕೆಟ್ಟಿದೆ. ಇಲ್ಲಿ ಸೆನ್ಸರ್ ಬದಲಾಯಿಸುವುದು ವ್ಯರ್ಥ.

ಪರೀಕ್ಷೆಯ ಕ್ರಮ

ಖರ್ಚಿಲ್ಲದ ಪರೀಕ್ಷೆ ಮೊದಲು, ಖರ್ಚಿನದು ಕೊನೆಗೆ ಎಂಬುದು ಒಳ್ಳೆಯ ಮೆಕ್ಯಾನಿಕ್ಕಿನ ಪದ್ಧತಿ. ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಕೂಲಂಟಿನ ಮಟ್ಟವನ್ನು ರೇಡಿಯೇಟರಿನಲ್ಲಿಯೂ ಹೊರಗಿನ ಡಬ್ಬಿಯಲ್ಲಿಯೂ ನೋಡುವುದು ಮೊದಲನೆಯದು. ಡಬ್ಬಿ ತುಂಬಿದ್ದು ರೇಡಿಯೇಟರ್ ಖಾಲಿಯಿರುವುದೂ ಉಂಟು. ಮುಚ್ಚಳದ ರಬ್ಬರು ಹಾಳಾದಾಗ ಹೀಗಾಗುತ್ತದೆ. ಎರಡನೆಯದಾಗಿ ಮೀಟರಿನ ಫ್ಯೂಸನ್ನೂ, ಸೆನ್ಸರಿನ ತುದಿಯ ಜೋಡಣೆಯಲ್ಲಿ ಹಸಿರು ಕಿಲುಬು ಕಟ್ಟಿದೆಯೇ ಎಂಬುದನ್ನೂ ನೋಡಬೇಕು. ಎಷ್ಟೋ ಗಾಡಿಗಳ ರೋಗ ಉಜ್ಜುಕಾಗದದ ಎರಡು ಉಜ್ಜಿಗೆ ವಾಸಿಯಾಗುತ್ತದೆ.

ಮೂರನೆಯದು ತಂತಿಯ ಪರೀಕ್ಷೆ. ಇದು ಸೆನ್ಸರಿಗೆ ಒಂದೇ ತಂತಿಯಿದ್ದು, ಅದು ನೇರವಾಗಿ ಮುಳ್ಳನ್ನು ನಡೆಸುವ ಹಳೆಯ ಗಾಡಿಗಳಿಗೆ ಮಾತ್ರ ಹೊಂದುತ್ತದೆ. ಎಂಜಿನ್ ಆರಿಸಿ, ಕೀಲಿಯನ್ನು ಚಾಲೂ ಸ್ಥಿತಿಯಲ್ಲಿಟ್ಟು, ಸೆನ್ಸರಿನ ತಂತಿಯನ್ನು ಕಳಚಬೇಕು. ಮುಳ್ಳು ತಣ್ಣಗೆ ಗುರುತಿಗೆ ಇಳಿಯಬೇಕು. ಇಳಿಯದೆ ಮೇಲೆಯೇ ನಿಂತರೆ ತಂತಿ ಎಲ್ಲಿಯೋ ಮೈಗೆ ತಾಗಿದೆ, ಇಲ್ಲವೆ ಮಾಪಕವೇ ಸಿಕ್ಕಿಕೊಂಡಿದೆ. ಅನಂತರ ಸುಮಾರು ೨೦ ಓಮ್, ಒಂದು ವ್ಯಾಟಿನ ರೋಧಕವೊಂದರ ಮೂಲಕ ಆ ತಂತಿಯ ತುದಿಯನ್ನು ಎಂಜಿನ್ನಿನ ಶುಭ್ರವಾದ ಲೋಹಕ್ಕೆ ಕೆಲವು ಕ್ಷಣ ಮುಟ್ಟಿಸಬೇಕು. ಮುಳ್ಳು ಬಿಸಿಯ ಕಡೆಗೆ ಏರಿದರೆ ತಂತಿಯೂ ಮಾಪಕವೂ ಸರಿಯಾಗಿವೆ; ದೋಷ ಸೆನ್ಸರಿನಲ್ಲಿದೆ. ಏರದಿದ್ದರೆ ದೋಷ ತಂತಿಯಲ್ಲೋ ಮಾಪಕದಲ್ಲೋ ಇದೆ. ರೋಧಕವಿಲ್ಲದೆ ನೇರವಾಗಿ ಬಹಳ ಹೊತ್ತು ಮುಟ್ಟಿಸಿದರೆ ಮಾಪಕದ ಸುರುಳಿ ಸುಡಬಹುದು.

ಎರಡು ಅಥವಾ ಹೆಚ್ಚು ತಂತಿಗಳ ಸೆನ್ಸರಿರುವ, ಕಂಪ್ಯೂಟರ್ ಆಳುವ ಗಾಡಿಗಳಲ್ಲಿ ಹೀಗೆ ತಂತಿ ಮುಟ್ಟಿಸುವ ಸಾಹಸ ಬೇಡ. ಅಲ್ಲಿ ಸ್ಕ್ಯಾನರ್ ಎಂಬ ಉಪಕರಣವನ್ನು ಜೋಡಿಸಿ, ಕಂಪ್ಯೂಟರಿಗೆ ಕಾಣುತ್ತಿರುವ ಉಷ್ಣತೆಯನ್ನು ಅಂಕಿಯಲ್ಲಿಯೇ ಓದಬಹುದು. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಅದು ಹೊರಗಿನ ಗಾಳಿಯ ಉಷ್ಣತೆಗೆ ಸಮನಾಗಿರಬೇಕು. ಸೊನ್ನೆಗಿಂತ ಕೆಳಗೆ ೪೦ ಡಿಗ್ರಿ ಎಂದು ತೋರಿದರೆ ಬಿಟಿಎಂ ಬಡಾವಣೆಯಲ್ಲಿ ಹಿಮ ಬಿದ್ದಿಲ್ಲ. ತಂತಿ ಕಳಚಿದೆ ಎಂದರ್ಥ. ಸ್ಕ್ಯಾನರಿನ ಅಂಕಿ ಸರಿಯಾಗಿದ್ದು ಮುಳ್ಳು ಮಾತ್ರ ತಪ್ಪಿದ್ದರೆ ದೋಷ ಮೀಟರ್ ಫಲಕದಲ್ಲಿದೆ.

ನಾಲ್ಕನೆಯದು ಸೆನ್ಸರಿನ ಪರೀಕ್ಷೆ. ಇದಕ್ಕೆ ಬೇಕಾದ ಸಾಮಗ್ರಿಯೆಲ್ಲ ಪ್ರೌಢಶಾಲೆಯ ಭೌತಶಾಸ್ತ್ರ ಪ್ರಯೋಗಶಾಲೆಯಲ್ಲಿಯೇ ಇದೆ: ಒಂದು ಬೀಕರು, ಸ್ಪಿರಿಟ್ ದೀಪ, ೧೧೦ ಡಿಗ್ರಿಯವರೆಗಿನ ಉಷ್ಣಮಾಪಕ, ಮಲ್ಟಿಮೀಟರು. ಬಿಚ್ಚಿದ ಸೆನ್ಸರಿನ ಲೋಹದ ತುದಿಯನ್ನು ಮಾತ್ರ ನೀರಿನಲ್ಲಿ ಇಳಿಬಿಟ್ಟು, ನೀರನ್ನು ಮೆಲ್ಲನೆ ಕಾಯಿಸುತ್ತ, ಹತ್ತು ಡಿಗ್ರಿಗೊಮ್ಮೆ ರೋಧವನ್ನು ಬರೆದುಕೊಳ್ಳಬೇಕು. ಕಂಪ್ಯೂಟರಿಗೆ ಸುದ್ದಿ ಕಳುಹಿಸುವ ಸಾಮಾನ್ಯ ಸೆನ್ಸರಿನಲ್ಲಿ ೨೦ ಡಿಗ್ರಿಗೆ ಎರಡರಿಂದ ಮೂರು ಸಾವಿರ ಓಮ್ ಇದ್ದದ್ದು ೮೦ ಡಿಗ್ರಿಗೆ ಮುನ್ನೂರರ ಆಸುಪಾಸಿಗೆ ಇಳಿಯುತ್ತದೆ. ಮುಳ್ಳನ್ನು ನೇರವಾಗಿ ನಡೆಸುವ ಸೆನ್ಸರುಗಳ ರೋಧ ಇದಕ್ಕಿಂತ ಕಡಿಮೆ. ನಿಖರವಾದ ಅಂಕಿಗಳು ಆಯಾ ಗಾಡಿಯ ಕೈಪಿಡಿಯಲ್ಲಿರುತ್ತವೆ. ಅಂಕಿಗಿಂತ ಮುಖ್ಯವಾದದ್ದು ಇಳಿಕೆಯ ರೀತಿ: ರೋಧ ಒಂದೇ ಸಮನೆ ನಯವಾಗಿ ಇಳಿಯಬೇಕು, ನಡುವೆ ಜಿಗಿದರೆ, ನಿಂತುಹೋದರೆ, ಸೆನ್ಸರ್ ಕೆಟ್ಟಿದೆ. ನೀರು ಕುದಿಯುವಾಗ ಉಷ್ಣಮಾಪಕ ೯೭ ತೋರಿದರೆ ಅದು ಮಾಪಕದ ತಪ್ಪಲ್ಲ, ಬೆಂಗಳೂರಿನ ಎತ್ತರದ ಫಲವೆಂದು ವಿದ್ಯಾರ್ಥಿಗಳಿಗೆ ತಿಳಿಸಲು ಇದೊಂದು ಸದವಕಾಶ. ಅದೇ ಬೀಕರಿನಲ್ಲಿ ಥರ್ಮೋಸ್ಟಾಟನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟರೆ ಅದು ಯಾವ ಡಿಗ್ರಿಗೆ ಬಾಯಿ ತೆರೆಯುತ್ತದೆಂಬುದನ್ನೂ ಕಣ್ಣಾರೆ ಕಾಣಬಹುದು.

ಓಡುವ ಎಂಜಿನ್ನಿನ ಬಿಸಿಯನ್ನು ಮುಟ್ಟದೆ ಅಳೆಯಲು ಇನ್‌ಫ್ರಾರೆಡ್ ಮಾಪಕವನ್ನು ಬಳಸುತ್ತಾರೆ. ಆದರೆ ೨೦೨೦ರ ಕೋವಿಡ್ ಕಾಲದಲ್ಲಿ ಶಾಲೆಗಳು ಕೊಂಡಿಟ್ಟ, ಹಣೆಗೆ ಹಿಡಿಯುವ ಮಾಪಕ ಈ ಕೆಲಸಕ್ಕೆ ಬಾರದು. ಅದು ದೇಹದ ಉಷ್ಣತೆಯ ವ್ಯಾಪ್ತಿಗೆ ಮಾತ್ರ ಸೀಮಿತ. ಕಾರ್ಖಾನೆಗಳಲ್ಲಿ ಬಳಸುವ ಮಾಪಕವೇ ಬೇಕು. ಹೊಳೆಯುವ ಲೋಹದ ಮೇಲೆ ಅದೂ ಕಡಿಮೆ ತೋರಿಸುವುದರಿಂದ, ರೇಡಿಯೇಟರಿನ ಮೇಲಿನ ಕಪ್ಪು ರಬ್ಬರು ಪೈಪಿಗೆ ಗುರಿಯಿಟ್ಟು ನೋಡುವುದು ಲೇಸು.

ದುರಸ್ತಿ

ಸೆನ್ಸರ್ ಕೆಟ್ಟಿದೆಯೆಂದು ಖಚಿತವಾದ ಮೇಲೆ ಅದನ್ನು ಬದಲಾಯಿಸುವುದು ಕಷ್ಟವಲ್ಲ. ಎಂಜಿನ್ ತಣ್ಣಗಾಗಿ ಒತ್ತಡ ಇಳಿದ ಮೇಲೆ ರೇಡಿಯೇಟರಿನ ಮುಚ್ಚಳ ತೆಗೆದು, ಸ್ವಲ್ಪ ಕೂಲಂಟನ್ನು ಶುಭ್ರವಾದ ಪಾತ್ರೆಗೆ ಇಳಿಸಿಕೊಂಡು, ಸರಿಯಾದ ಅಳತೆಯ ಸ್ಪ್ಯಾನರಿನಿಂದ ಹಳೆಯ ಸೆನ್ಸರನ್ನು ಬಿಚ್ಚಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಹಳೆಯ ಗಾಡಿಗಳ ಸೆನ್ಸರುಗಳನ್ನೂ ವಿಚಾರಿಸಬಹುದು. ಮರೆಯು ಹೊಂದಿತೆಂದ ಮಾತ್ರಕ್ಕೆ ಸೆನ್ಸರ್ ಹೊಂದಿತೆಂದು ತಿಳಿಯಕೂಡದು. ರೋಧದ ಅಳತೆ ಬೇರೆಯಾಗಿದ್ದರೆ ಹೊಸ ಸೆನ್ಸರೂ ಸುಳ್ಳನ್ನೇ ಹೇಳುತ್ತದೆ. ಒಂದೇ ತಂತಿಯ ಸೆನ್ಸರಿಗೆ ಎಂಜಿನ್ನಿನ ಲೋಹವೇ ಅರ್ತ್. ಅದರ ಮರೆಗೆ ಟೆಫ್ಲಾನ್ ಟೇಪನ್ನು ದಪ್ಪವಾಗಿ ಸುತ್ತಿದರೆ ವಿದ್ಯುತ್ತಿನ ದಾರಿ ಮುಚ್ಚಿ, ಹೊಸ ಸೆನ್ಸರೂ ಸತ್ತಂತೆ ತೋರುತ್ತದೆ. ಹಿತ್ತಾಳೆ ಮೆದುವಾದ ಲೋಹವಾದುದರಿಂದ ಅತಿಯಾಗಿ ಬಿಗಿಯುವುದೂ ತಪ್ಪು.

ಕೂಲಂಟ್ ತುಂಬಿದ ಮೇಲೆ ಒಳಗೆ ಸಿಕ್ಕಿದ ಗಾಳಿಯನ್ನು ಹೊರಹಾಕಬೇಕು. ಇಲ್ಲವಾದರೆ ಗಾಳಿಗುಳ್ಳೆ ಸೆನ್ಸರಿನ ತುದಿಯಲ್ಲಿ ನಿಂತು ಮುಳ್ಳನ್ನು ಕುಣಿಸುತ್ತದೆ. ಕೈಪಿಡಿಯಲ್ಲಿ ಹೇಳಿದ ಗಾಳಿಯ ಸ್ಕ್ರೂ ಇದ್ದರೆ ಅದನ್ನು ಸಡಿಲಿಸಿ, ಹೀಟರ್ ತೆರೆದಿಟ್ಟು, ಎಂಜಿನ್ನನ್ನು ನಿಧಾನಗತಿಯಲ್ಲಿ ಓಡಿಸಿ, ಥರ್ಮೋಸ್ಟಾಟ್ ತೆರೆದು ಫ್ಯಾನ್ ಒಮ್ಮೆ ತಿರುಗಿ ನಿಲ್ಲುವವರೆಗೆ ಕಾದು, ಮತ್ತೆ ಪೂರ್ತಿ ತಣ್ಣಗಾದ ಮೇಲೆ ಮಟ್ಟ ನೋಡಿ ತುಂಬಬೇಕು.

ತುಂಬುವ ನೀರಿನ ವಿಷಯದಲ್ಲಿ ಈ ನಗರದವರು ವಿಶೇಷ ಎಚ್ಚರ ವಹಿಸಬೇಕು. ಬೋರ್‌ವೆಲ್ಲಿನ ಗಡಸು ನೀರು ಮನೆಯ ಗೀಸರಿನೊಳಗೆ ಹೇಗೆ ಬಿಳಿಯ ಪದರ ಕಟ್ಟುತ್ತದೆಯೋ ಹಾಗೆಯೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿಯೂ ಸೆನ್ಸರಿನ ತುದಿಯ ಮೇಲೂ ಕಟ್ಟುತ್ತದೆ. ಪದರ ಮುಚ್ಚಿದ ಸೆನ್ಸರ್ ಬಿಸಿಯನ್ನು ತಡವಾಗಿ ತಿಳಿಯುತ್ತದೆ. ಬೆರೆಸಿ ಸಿದ್ಧಪಡಿಸಿದ ಕೂಲಂಟನ್ನೋ, ಡಿಸ್ಟಿಲ್ಡ್ ನೀರಿನಲ್ಲಿ ಬೆರೆಸಿದ ಕೂಲಂಟನ್ನೋ ಬಳಸಬೇಕು. ಹಳೆಯ ಕೂಲಂಟನ್ನು ಚರಂಡಿಗೆ ಚೆಲ್ಲಬಾರದು. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ಮಕ್ಕಳೂ ನಾಯಿಗಳೂ ರುಚಿ ನೋಡಿ ಅಪಾಯಕ್ಕೀಡಾಗಬಹುದು. ಮಡಿವಾಳದ ಕೆರೆಯಂಥ ಜಲಾಶಯದ ನೆರೆಯಲ್ಲಿ ವಾಸಿಸುವವರು ಇದನ್ನು ಇನ್ನೂ ಹೆಚ್ಚಾಗಿ ನೆನಪಿಡಬೇಕು.

ಫಲಕದ ಮಾಪಕವೇ ಕೆಟ್ಟಿದ್ದರೆ ಹಳೆಯ ಗಾಡಿಗಳಲ್ಲಿ ಅದೊಂದನ್ನೇ ಬದಲಾಯಿಸಬಹುದು. ಹೊಸ ಗಾಡಿಗಳಲ್ಲಿ ಹಲವು ವೇಳೆ ಇಡೀ ಫಲಕವನ್ನು ಅನುಭವಿಗಳಿಗೆ ಒಪ್ಪಿಸಬೇಕಾಗುತ್ತದೆ. ಮುಳ್ಳು ಏರುತ್ತದೆಂದು ಥರ್ಮೋಸ್ಟಾಟನ್ನು ಕಿತ್ತೆಸೆಯುವುದು, ಮಾಪಕದ ತಂತಿಯನ್ನೇ ಕತ್ತರಿಸಿ ನೆಮ್ಮದಿ ಪಡೆಯುವುದು ದುರಸ್ತಿಯಲ್ಲ. ಥರ್ಮೋಸ್ಟಾಟಿಲ್ಲದ ಎಂಜಿನ್ ಸರಿಯಾದ ಬಿಸಿಗೆ ಬಾರದೆ ಇಂಧನ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ತಂತಿ ಕತ್ತರಿಸಿದ ಗಾಡಿಯಲ್ಲಿ ಬರುವ ಅಪಾಯವನ್ನು ಹೇಳುವವರೇ ಇರುವುದಿಲ್ಲ.

ಬದಲಾದ ಕಾಲ

ಇತ್ತೀಚಿನ ಗಾಡಿಗಳಲ್ಲಿ ಎರಡು ಬದಲಾವಣೆಗಳು ಕಾಣುತ್ತವೆ. ಹಲವು ಗಾಡಿಗಳಲ್ಲಿ ಮುಳ್ಳೇ ಇಲ್ಲ; ಎಂಜಿನ್ ತಣ್ಣಗಿರುವಾಗ ನೀಲಿ ದೀಪ, ಮಿತಿಮೀರಿ ಬಿಸಿಯಾದಾಗ ಕೆಂಪು ದೀಪ, ಅಷ್ಟೇ. ಇನ್ನು ಕೆಲವು ಗಾಡಿಗಳಲ್ಲಿ ಮುಳ್ಳಿದ್ದರೂ, ಚಾಲಕನು ಸಣ್ಣ ಏರಿಳಿತಕ್ಕೆ ಗಾಬರಿಯಾಗದಿರಲೆಂದು, ಸುಮಾರು ೭೫ರಿಂದ ೧೦೫ ಡಿಗ್ರಿಯವರೆಗೆ ಅದು ನಡುವಿನಲ್ಲಿಯೇ ನಿಲ್ಲುವಂತೆ ತಯಾರಕರು ಏರ್ಪಡಿಸಿರುತ್ತಾರೆ. ಇಂಥ ಗಾಡಿಯಲ್ಲಿ ಮುಳ್ಳು ನಡುವನ್ನು ಬಿಟ್ಟು ಒಂದು ಗೆರೆ ಏರಿದರೂ ಅದು ಮೊದಲ ಎಚ್ಚರಿಕೆಯಲ್ಲ, ಕೊನೆಯ ಎಚ್ಚರಿಕೆ. ಕೆಂಪು ದೀಪದ ಮಾತೂ ಹಾಗೆಯೇ. ಕೀಲಿ ತಿರುಗಿಸಿದಾಗ ಆ ದೀಪ ಒಮ್ಮೆ ಬೆಳಗಿ ಆರಬೇಕಾದ ಗಾಡಿಯಲ್ಲಿ ಅದು ಬೆಳಗುತ್ತದೆಯೇ ಎಂಬುದನ್ನು ದಿನವೂ ನೋಡುವುದು ಅರೆಕ್ಷಣದ ಕೆಲಸ.

ಮಕ್ಕಳನ್ನು ಕರೆತರುವ ಶಾಲಾ ವಾಹನಗಳ ವಿಷಯದಲ್ಲಿ ಈ ವಿವರಣೆಗೆ ಇನ್ನೊಂದು ಅರ್ಥವಿದೆ. ಮುಳ್ಳು ಏರಿದ್ದನ್ನು ಚಾಲಕನು ಕಾಣುತ್ತಾನೆ. ಆದರೆ ತಡವಾದರೆ ಆಕ್ಷೇಪಣೆ ಬರುತ್ತದೆಂಬ ಅಂಜಿಕೆಯಿಂದ, ಇದು ಮೀಟರಿನ ದೋಷವಿರಬೇಕೆಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಮುಂದೆ ಸಾಗುತ್ತಾನೆ. ಕುದಿಯುವ ಎಂಜಿನ್ನಿನ ವಾಹನ ನಡುರಸ್ತೆಯಲ್ಲಿ, ದಟ್ಟಣೆಯ ನಡುವೆ, ಮಕ್ಕಳ ಸಹಿತ ನಿಂತುಬಿಟ್ಟರೆ ಆಗುವ ಅಪಾಯ ಅರ್ಧ ಗಂಟೆಯ ತಡಕ್ಕೆ ಸಮನಾದುದಲ್ಲ. ಆದುದರಿಂದ ಮುಳ್ಳು ಏರಿದಾಗ ವಾಹನವನ್ನು ಸುರಕ್ಷಿತವಾದ ಬದಿಯಲ್ಲಿ ನಿಲ್ಲಿಸಿ ತಿಳಿಸಿದ ಚಾಲಕನನ್ನು ಯಾರೂ ಗದರಬಾರದು. ಪರೀಕ್ಷಿಸಿದಾಗ ಎಂಜಿನ್ ಸರಿಯಾಗಿದ್ದು ಸೆನ್ಸರ್ ಮಾತ್ರ ಕೆಟ್ಟಿತ್ತೆಂದು ತಿಳಿದುಬಂದರೂ ಗದರಬಾರದು. ಅವನು ಮಾಡಿದ್ದು ಸರಿ. ವ್ಯವಸ್ಥಾಪಕರು ಪ್ರತಿ ವರ್ಷ ಶಾಲೆ ತೆರೆಯುವ ಮೊದಲು ಕೂಲಂಟ್, ಮುಚ್ಚಳ, ಫ್ಯಾನ್, ಸೆನ್ಸರ್, ದೀಪ ಈ ಐದನ್ನು ಪರೀಕ್ಷಿಸಿ ಪುಸ್ತಕದಲ್ಲಿ ದಾಖಲಿಸುವ ಪದ್ಧತಿಯನ್ನು ಇಟ್ಟುಕೊಂಡರೆ ಚಾಲಕನಿಗೆ ಮುಳ್ಳ ಮೇಲೆ ನಂಬಿಕೆ ಹುಟ್ಟುತ್ತದೆ. ನಂಬಿಕೆಗೆ ಅರ್ಹವಾದ ಮುಳ್ಳಿದ್ದರೆ ಮಾತ್ರ, ಅದು ಏರಿದ ದಿನ ಗಾಡಿ ನಿಲ್ಲುತ್ತದೆ.